ಶನಿವಾರದ ಅಮರರು

ಅಕ್ಕನಿಗೆ ಅಮರರ ಕಥೆ ಹೇಳಲು ಶುರು ಮಾಡಿದ್ದು ಕುಂದಾಪುರದ ಡಯಾಲಿಸಿಸ್ ಕೋಣೆಯಲ್ಲಿ. ಅವಳ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ, ಯಂತ್ರ ಅವಳ ರಕ್ತ ತೊಳೆಯಬೇಕಿತ್ತು. ಮಂಗಳವಾರ, ಗುರುವಾರ ಭಾವ ಮಂಜುಗಡ್ಡೆ ಕಾರ್ಖಾನೆಯ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲೇ ಕರೆತರುತ್ತಿದ್ದರು. ಶನಿವಾರ ನಮ್ಮ ಶಾಲೆ ಅರ್ಧ ದಿನ, ಹಾಗಾಗಿ ಅವತ್ತು ನನ್ನ ಸರದಿ. ನಾನು ಬೈಂದೂರಿನಿಂದ ತೆಂಕಕ್ಕೆ, ಅವಳು ಬ್ರಹ್ಮಾವರದಿಂದ ಬಡಗಕ್ಕೆ ಬಂದು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸೇರುತ್ತಿದ್ದೆವು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಕೆಲಸಕ್ಕೆ ಸೇರಿದ ವರ್ಷ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಓದುತ್ತಿದ್ದ ಕಾಮಿಕ್ಸ್ ಕಸಿದಿಟ್ಟುಕೊಂಡಿದ್ದೆ. ಸಂಜೆ ವಾಪಸು ಕೊಡುವ ಮೊದಲು ನಾಲ್ಕು ಪುಟ ತಿರುವಿದೆ. ಪುಸ್ತಕ ಅವಳ ಕೈ ಸೇರಿದ್ದು ಮೂರು ದಿನದ ಮೇಲೆ. ನಕ್ಷತ್ರಗಳಿಗಿಂತ ಮೊದಲು ಹುಟ್ಟಿದ ಒಂದು ಕುಲದ ಕಥೆ ಅದು. ಅವರಿಗೆ ಸಾವಿಲ್ಲ, ಮುಪ್ಪಿಲ್ಲ, ಚರ್ಮದೊಳಗಿಂದ ಬಂಗಾರದ ಬೆಳಕು ಸೂಸುತ್ತದೆ. ಲೋಕಗಳು ಹುಟ್ಟಿ ಅಳಿಯುವುದನ್ನು ನೋಡುತ್ತಿರುವುದೇ ಅವರ ಕೆಲಸ. ಯಾರ ಕಷ್ಟಕ್ಕೂ ಕೈ ಹಾಕಬಾರದೆಂಬುದು ಅವರ ಕಟ್ಟಳೆ. ಅಂದಿನಿಂದ ಆ ಕಥೆಗಳನ್ನು ಬಿಟ್ಟಿಲ್ಲ. ಈಗ ಫೋನಿನಲ್ಲಿ ಓದುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಿಲ್ಲ.

“ಎಂತ ಮಾರಾಯ್ತಿ ಅದ್? ಮಕ್ಳ ಪುಸ್ತಕವಾ?” ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಅಕ್ಕ ಒಂದು ಶನಿವಾರ ಕೇಳಿದಳು. ನಾಚಿಕೆಯಿಂದಲೇ ಹೇಳಿದೆ. ಅವಳು ನಗಲಿಲ್ಲ. “ಸಾಯದವ್ರ್ ಉಂಬ್ದ್ ಎಂತ?” ಅಂದಳು.

“ಅವ್ರಿಗೆ ಹಸಿವೇ ಇಲ್ಲ.”

“ಪಾಪ. ಮೀನ್ ಸಾರ್ ಗೊತ್ತಿಲ್ದೆ ಅಷ್ಟ್ ಕಾಲ ಬದ್ಕಿದ್ ಎಂತಕ್ಕೆ?” ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿಲ್ಲದ, ಸಾರನ್ನೂ ಚಮಚದಲ್ಲಿ ಅಳೆಯುತ್ತಿದ್ದ ಹೆಂಗಸು ಅಮರರಿಗೆ ಮರುಗಿದಳು.

ಆಮೇಲೆ ಪ್ರತಿ ಶನಿವಾರ ಒಂದೊಂದು ಕಥೆ. ಚಿತ್ರ ತೋರಿಸುತ್ತ ಕನ್ನಡದಲ್ಲಿ ಹೇಳುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ವಾರ, ಒಂದು ಊರೇ ಬೆಂಕಿಗೆ ಸಿಕ್ಕಾಗ ಅಮರರು ಗುಡ್ಡದ ಮೇಲೆ ಸಾಲಾಗಿ ನಿಂತು ನೋಡಿದ ಕಥೆ ಬಂತು. ಅಕ್ಕನ ಮುಖ ಬಿಗಿಯಿತು.

“ಕಂಡ್ಕಂಡ್ ನಿಂತ್ಕಂಬ್ದಾ? ಕೈಯಲ್ಲ್ ಆತ್ತ್, ಆದ್ರೂ ಮಾಡುದಿಲ್ಲ. ಅದೆಂತಾ ಜನ್ಮ?”

ನಾನು ಫೋನಿನ ಪುಟ ಮುಂದೆ ಸರಿಸಿದೆ. ಅದಕ್ಕೆ ನಾಲ್ಕು ತಿಂಗಳ ಹಿಂದೆ ಡಾಕ್ಟರು ಭಾವನನ್ನೂ ನನ್ನನ್ನೂ ಕೂರಿಸಿ, ಒಡಹುಟ್ಟಿದವರ ಮೂತ್ರಪಿಂಡ ಹೊಂದುವ ಸಾಧ್ಯತೆ ಹೆಚ್ಚು ಎಂದಿದ್ದರು. ನಮ್ಮಿಬ್ಬರದು ಒಂದೇ ರಕ್ತದ ಗುಂಪು. “ಯೋಚನೆ ಮಾಡಿ ಹೇಳುತ್ತೇನೆ” ಅಂದು ಎದ್ದು ಬಂದಿದ್ದೆ. ಮತ್ತೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಡ ಬೇಡವೆಂದಿರಲಿಲ್ಲ, ಮಗಳ ಓದೂ ಅಡ್ಡ ಬರುವಂತಿರಲಿಲ್ಲ. ನನಗೆ ಹೆದರಿಕೆ, ಅಷ್ಟೇ. ಹೊಟ್ಟೆ ಕೊಯ್ಯುವುದನ್ನು ನೆನೆದರೆ ಪಾಠದ ನಡುವೆಯೇ ಅಂಗೈ ಬೆವರುತ್ತಿತ್ತು.

ಅಮರರಲ್ಲಿ ಒಬ್ಬಳು ಕಟ್ಟಳೆ ಮುರಿಯುವ ಕಥೆಯೂ ಇದೆ. ದೀಪಸ್ತಂಭ ಕಾಯುವ ಮನುಷ್ಯ ಹೆಂಗಸೊಬ್ಬಳಿಗೆ ತನ್ನ ಆಯುಸ್ಸಿನ ಅರ್ಧ ಕೊಟ್ಟು, ಮೈಯ ಬೆಳಕು ಕಳೆದುಕೊಳ್ಳುತ್ತಾಳೆ. ಅದನ್ನು ನಾನು ಬೇಕೆಂದೇ ದಾಟಿಸಿ ಮುಂದಿನ ಕಥೆಗೆ ಹೋದೆ. ಅಕ್ಕ ಫೋನಿನತ್ತ ಬಾಗಿ ನೋಡಿದಳು. “ಹ್ವಾಯ್, ಇವ್ಳ ಮೈ ಬಂಗಾರ ಎಲ್ಲಿಗ್ ಹೋಯ್ತ್? ಹಿಂದಿನ ವಾರ ಇದ್ದಿತ್ತಲೆ. ನೀನ್ ಎಂತದೋ ಬಿಟ್ಟಿದ್ದೆ.”

ಹೇಳಲೇಬೇಕಾಯಿತು. ಅಕ್ಕ ಕೊನೆಯವರೆಗೆ ಕೇಳಿ, ಸೂಜಿಯಿಲ್ಲದ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟಳು.

“ಹೆಣೆ, ನಾನ್ ನಿನ್ನತ್ರ ಕೇಂಬ್ದಿಲ್ಲ. ನೀನ್ ಸಣ್ಣದಿಪ್ಪಾಗ ಇಂಜೆಕ್ಷನ್ ಅಂದ್ರೆ ಮಂಚದಡಿಗೆ ಹೋತಿದ್ದೆ. ನಾನೇ ಎಳ್ಕಂಡ್ ಬಪ್ದ್. ಈಗ ಎಳುಕೆ ನಂಗೆ ಶಕ್ತಿ ಇಲ್ಲ.”

ನಾನು ಅಲ್ಲೇ ಅತ್ತೆ. ನರ್ಸ್ ಬಂದು ಯಂತ್ರ ನೋಡಿ, ನಮ್ಮ ಮುಖ ನೋಡಿ, ಹಾಗೇ ಹೋದಳು.

ಸೋಮವಾರ ರಜೆ ಹಾಕಿ ಡಾಕ್ಟರ ಬಳಿಗೆ ಹೋದೆ. ದೊಡ್ಡ ಆಸ್ಪತ್ರೆಯಲ್ಲಿ ಒಂದು ತಿಂಗಳು ಪರೀಕ್ಷೆಗಳು ನಡೆದವು. ನನ್ನ ಮೂತ್ರಪಿಂಡ ಚೆನ್ನಾಗಿತ್ತು, ಅಕ್ಕನಿಗೆ ಹೊಂದುತ್ತಲೂ ಇತ್ತು. ಆದರೆ ಅಕ್ಕನ ಹೃದಯ ಅಷ್ಟು ದೊಡ್ಡ ಆಪರೇಷನ್ ತಾಳುವ ಸ್ಥಿತಿಯಲ್ಲಿರಲಿಲ್ಲ.

“ಆರು ತಿಂಗಳ ಮೊದಲೇ ಬಂದಿದ್ದರೆ?” ಎಂದು ಕೇಳಿದೆ.

ಡಾಕ್ಟರು ಕಾಗದಗಳನ್ನು ಸರಿಮಾಡಿ ಕವರಿಗೆ ಹಾಕುತ್ತ, “ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ” ಅಂದರು. ಆಗುತ್ತಿತ್ತು ಅನ್ನಲಿಲ್ಲ, ಆಗುತ್ತಿರಲಿಲ್ಲ ಅಂತಲೂ ಅನ್ನಲಿಲ್ಲ. ಆ ಮಾತನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದರೂ ನನಗೆ ಬಿಡುಗಡೆ ಸಿಕ್ಕಿಲ್ಲ.

ಅಕ್ಕ ಮತ್ತೆ ಹತ್ತು ತಿಂಗಳು ಇದ್ದಳು. ಶನಿವಾರಗಳು ಮೊದಲಿನಂತೆಯೇ ನಡೆದವು. ಆ ವಿಷಯ ನಾವು ಮತ್ತೆ ಎತ್ತಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಚಾ ಕುಡಿದು, ಸ್ವಲ್ಪ ಒರಗುತ್ತೇನೆ ಎಂದವಳು ಏಳಲಿಲ್ಲ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ, ಬ್ರಹ್ಮಾವರದ ಮನೆಯ ಜಗಲಿಯಲ್ಲಿ ಭಾವ ನನ್ನ ಪಕ್ಕ ಬಂದು ಕುಳಿತರು.

“ನೀನ್ ಹೇಳ್ತಿದ್ದ ಕಥಿ ಎಲ್ಲ ನಂಗೂ ಗೊತ್ತಿತ್ತ್. ಮನಿಗ್ ಬಂದ್ ಒಂದೂ ಬಿಡ್ದೆ ಹೇಳ್ತಿದ್ಲ್. ಆ ಅಕ್ಕ-ತಂಗಿ ಕಥಿ ನಂಗೆ ಬಾರೀ ಲಾಯ್ಕ್ ಆಯಿತ್ತ್.”

“ಯಾವ್ದ್ ಭಾವ?”

“ಅದೇ, ತಂಗಿಗೆ ಸಾವಿಲ್ಲ, ಅಕ್ಕಂಗೆ ಇತ್ತ್. ತಂಗಿ ತನ್ನ ಆಯುಸ್ಸ್ ಅರ್ಧ ಕೊಡುಕೆ ಬತ್ಲಂಬ್ರ್. ಮೂರ್ ಸಲ ಬಾಗ್ಲ್ ಬಡ್ದ್ಲಂಬ್ರ್. ಅಕ್ಕನೇ ತೆಗಿಲಿಲ್ಲ.”

“ಅದನ್ನ ಯಾವಾಗ ಹೇಳಿದ್ಲ್?”

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. “ನೀನ್ ಟೆಸ್ಟಿಗೆ ಹೋಪುಕ್ ಮುಂಚೆ. ಅದರ ಹಿಂದಿನ ಶನಿವಾರ.”

ಆ ಶನಿವಾರ ನಾನು ಹೇಳಿದ್ದು ದೀಪಸ್ತಂಭದ ಹೆಂಗಸಿನ ಕಥೆ. ನಾನು ಓದಿದ ಯಾವ ಪುಸ್ತಕದಲ್ಲೂ ಅಕ್ಕ-ತಂಗಿಯರ ಅಂಥ ಕಥೆ ಇಲ್ಲ. “ಹೌದ್, ಒಳ್ಳೆ ಕಥಿ” ಅಂದೆ. ಅವರು ತಲೆಯಾಡಿಸಿ, ಪಾತ್ರೆಗಳನ್ನು ಬಾಡಿಗೆಯವರಿಗೆ ಮರಳಿಸಲು ಎದ್ದರು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕುಂದಾಪುರದಲ್ಲಿ ಬಸ್ಸು ನಿಂತಾಗ ಇಳಿಯಲು ಎದ್ದು, ಮತ್ತೆ ಕುಳಿತೆ. ಮರವಂತೆ ದಾಟುವವರೆಗೂ ಅಳುತ್ತಿದ್ದೆ. ಕಂಡಕ್ಟರ್ ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.