ತೋಡಿದವನು, ತೋಡಿಸಿದವರು

ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ, ೧೯೪೪ರ ಬಬಲೇಶ್ವರದಲ್ಲಿ ಇಂಗ್ಲಿಷಿಗೆ ಶಂಕ್ರೆಪ್ಪ ಮಾಸ್ತರರೇ ಗತಿ. ವಿಜಾಪುರದಲ್ಲಿ ಮ್ಯಾಟ್ರಿಕ್ ಓದಿ ಬಂದವರು. ತಾರು ಬಂದರೆ ಓದುವವರು ಅವರೇ, ಅರ್ಜಿ ಬರೆಯುವವರೂ ಅವರೇ. ಆ ಹೆಮ್ಮೆ ಅವರು ಸುತ್ತಿದ ರುಮಾಲಿನಲ್ಲೇ ಕಾಣುತ್ತಿತ್ತು.

ಸಾವುಕಾರ ಶಿವಯೋಗೆಪ್ಪನವರು ಊರ ಹೊರಗೆ ಬಾವಿ ತೋಡಿಸಿದರು. ಕಲೆಕ್ಟರ್ ಸಾಹೇಬರು ನೋಡಲು ಬರುವವರಿದ್ದರು, ಅದಕ್ಕೆ ಇಂಗ್ಲಿಷಿನಲ್ಲೇ ಕಲ್ಲು ಕೆತ್ತಿಸುವ ಆಸೆ. ಮಾಸ್ತರರು ನಿಂತ ನಿಲುವಿನಲ್ಲೇ ಬರೆದುಕೊಟ್ಟರು: ‘ಶಿವಯೋಗೆಪ್ಪ ಹ್ಯಾಡ್ ಡಗ್ ದಿಸ್ ವೆಲ್.’ ನಮ್ಮಲ್ಲಿ ‘ತೋಡಿದ’ ಎಂಬುದರ ನಡುವೆ ಒಂದು ‘ಸಿ’ ತುರುಕಿದರೆ ‘ತೋಡಿಸಿದ’ ಆಯಿತು. ಇಂಗ್ಲಿಷಿನಲ್ಲೂ ‘ಹ್ಯಾಡ್’ ತುರುಕಿದರೆ ಸಾಕೆಂದುಕೊಂಡರು, ಪಾಪ.

ಕಲೆಕ್ಟರ್ ಬಂದರು, ಓದಿದರು, ಸಾವುಕಾರರ ಮೆತ್ತನೆಯ ಕೈ ನೋಡಿ ನಕ್ಕರು. “ಇವರೇ ತೋಡಿದರೇ?” ಎಂದು ಮಾಸ್ತರರನ್ನು ಇಂಗ್ಲಿಷಿನಲ್ಲಿ ಕೇಳಿದರು. ‘ಡಗ್’ ಎಂಬುದು ‘ವೆಲ್’ ಆದ ಮೇಲೆ ಬರಬೇಕಿತ್ತು. ಅದಕ್ಕಿಂತ ಮೊದಲೇ ಬಂದದ್ದಕ್ಕೆ ತೋಡಿಸಿದವರೇ ತೋಡಿದವರಾಗಿದ್ದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು ಮಾಸ್ತರರಿಗೆ. “ಅಲ್ಲ ಸರ್, ತೋಡಿಸಿದವರು” ಎಂದು ತಿದ್ದಿ ಹೇಳಿದರು.

“ಹಾಗಾದರೆ ತೋಡಿದ್ದು ಯಾರು?” ಎಂದರು ಸಾಹೇಬರು.

ತೋಡಿದ ದಶರಥ ಹತ್ತು ಮಾರು ದೂರದಲ್ಲೇ ನಿಂತಿದ್ದ. ಎರಡು ಬೇಸಿಗೆ ಆ ಕಲ್ಲುನೆಲ ಒಡೆದವನು. ನೀರು ಬಂದ ದಿನದಿಂದ ಅವನ ಕೇರಿಯವರು ಬಾವಿಯ ಮೆಟ್ಟಿಲು ತುಳಿಯುವಂತಿರಲಿಲ್ಲ. ಅವನ ಹೆಸರು ಮಾಸ್ತರರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಾವುಕಾರರು ಪಕ್ಕದಲ್ಲಿದ್ದರು, ಇದ್ದ ಮಾನವೂ ಆಗಲೇ ಹೋಗಿತ್ತು. “ಯಾರೋ ಕೂಲಿಗಳು, ಸರ್” ಎಂದುಬಿಟ್ಟರು.

ಸಾಹೇಬರ ಮೋಟಾರು ಹೋದ ಮೇಲೆ ದಶರಥ ಹತ್ತಿರ ಬಂದ.

“ಮಾಸ್ತರ್ರ, ಸಾಹೇಬ್ರು ಏನ ಕೇಳಿದ್ರಿ?”

“ಬಾವಿ ಯಾರು ತೋಡ್ಯಾರ ಅಂತ ಕೇಳಿದ್ರು.”

“ನೀವೇನ ಹೇಳಿದ್ರಿ?”

“ನಿನ್ನ ಹೆಸರ ಹೇಳೀನಿ.”

ತಪ್ಪು ಇಂಗ್ಲಿಷು ಬಂದಷ್ಟೇ ಸಲೀಸಾಗಿ ಸುಳ್ಳೂ ಬಂತು. ದಶರಥ ಹೆಗಲ ವಸ್ತ್ರ ತೆಗೆದು ಕೈಮುಗಿದ. “ಇಂಗ್ಲಿಷಿನ್ಯಾಗ ನನ್ನ ಹೆಸರ ಹೇಳಿದ್ರೇನ್ರಿ? ಮನ್ಯಾಗ ಹೇಳತೀನ್ರಿ” ಎಂದು ಸರಸರ ಕೇರಿಯ ಕಡೆ ನಡೆದ. ಮಾಸ್ತರರಿಗೆ ಅವನ ಬೆನ್ನು ನೋಡಲೂ ನಾಚಿಕೆಯಾಯಿತು.

ಕಲ್ಲನ್ನು ವಾರದಲ್ಲೇ ತಿದ್ದಿಸಿದರು. ಸಂತೆಯ ದಿನ ದಶರಥನ ಹೆಂಡತಿ ಪರಸವ್ವ ಒಂದು ಗಂಟು ಶೇಂಗಾ ತಂದು, ಮಾಸ್ತರರ ಕಟ್ಟೆಯ ತುದಿಗೆ ಇಟ್ಟು, ದೂರ ಸರಿದು ನಿಂತಳು. “ನಮ್ಮವರ ಹೆಸರ ಹೇಳ್ಯಾರಂತರಿ. ಮಾಸ್ತರ್ರಿಗೆ ಕೈ ಮುಗದ ಹೋಗೋಣಂತ ಬಂದೀನ್ರಿ” ಎಂದು ಬಾಗಿಲಿಗೆ ಬಂದ ಮಾಸ್ತರರ ಹೆಂಡತಿಗೆ ಹೇಳಿದಳು.

ಮಾಸ್ತರರು ಬಾಗಿಲ ಮರೆಯಲ್ಲಿ ನಿಂತು, ತಾವು ಮನೆಯಲ್ಲಿಲ್ಲವೆಂದು ಹೆಂಡತಿಯಿಂದ ಹೇಳಿಸಿದರು.