ತುಂಬಿದ ಡ್ರಮ್ಮು ಖಾಲಿ ಮಾಡಬಾರದಂತೆ

ಶೋಳಿಂಗನಲ್ಲೂರಿನ ಮೊಮ್ಮಗಳ ಮನೆಗೆ ಹೋಗಿದ್ದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಜೋಡಿಸಿ ಹೇಳೋ ಮೆಷೀನು ಮಾಡೋದು ಅವಳ ಉದ್ಯೋಗ. ಅದನ್ನು ಫೋನಿಗೂ ಹಾಕಿಟ್ಟಿದ್ದಳು.

ನೀರಿನ ಲಾರಿ ಬಂತು. ನಮ್ಮ ಡ್ರಮ್ಮಿನ ತುಂಬ ಹುಳ ಆಡುತ್ತಿದ್ದ ಹಳೇ ನೀರು.

"ಡ್ರಮ್ಮಿನ ತುಂಬ ಒಳ್ಳೇ ನೀರು ಬೇಕಪ್ಪಾ" ಅಂದೆ ಫೋನಿಗೆ.

"ಡ್ರಮ್ ತುಂಬಿದೆ. ಖಾಲಿ ಮಾಡಿದರೆ ಗುರಿಯಿಂದ ದೂರವಾಗುತ್ತೀರಿ" ಅಂತು.

ಚೊಂಬು ಹಿಡಿದು ನಿಂತೇಬಿಟ್ಟೆ. ಓದಿದ ಮೆಷೀನಿನ ಮಾತು, ಮೀರೋದು ಹೇಗೆ?

"ಗುರಿ ಎಷ್ಟು ಹತ್ತಿರ ಅಂತ ಅಂದಾಜು ಹಾಕುತ್ತೆ ಅಜ್ಜಿ. ಹಿಂದಕ್ಕೆ ಹೆಜ್ಜೆ ಇಡೋಕೆ ಒಪ್ಪಲ್ಲ" ಅಂದಳು ಮೊಮ್ಮಗಳು.

"ಪಾಟೀ, ತಣ್ಣಿ ವೇಣುಮಾ, ವೇಂಡಾಮಾ?" ನೀರು ಬೇಕೋ ಬೇಡವೋ ಅಂತ ಲಾರಿಯವನು ತಮಿಳಲ್ಲಿ ಕೂಗಿದ. ಅವನು ಹೋದರೆ ಮತ್ತೆ ಬರೋದು ಮುಂದಿನ ವಾರ.

ಇಬ್ಬರೂ ಸೇರಿ ಡ್ರಮ್ಮು ಉರುಳಿಸಿದೆವು. ಹೊಸ ನೀರು ತುಂಬಿ ಲಾರಿ ಹೋದ ಮೇಲೂ ಫೋನು "ದಾರಿ ಹುಡುಕುತ್ತಿದ್ದೇನೆ" ಅಂತಲೇ ಇತ್ತು. ಪಾಪ, ಕಾಫಿ ಏನಾದರೂ ಕುಡಿಯುತ್ತಾ ಅಂತ ಮೊಮ್ಮಗಳನ್ನ ಕೇಳಿದೆ.