ಹಿಮ್ಮಡಿಗೆ ಹಾಕಿದ ಮೆತ್ತೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಏಳನೆಯ ತರಗತಿಯ ನಡುವೆ. ಅಪ್ಪನ ಕಣ್ಣು ಮಂಜಾಗಿ ದಬ್ಬಳಕ್ಕೆ ದಾರ ಪೋಣಿಸಲಾಗದ ಹಾಗಾಯಿತು. ಆ ವಾರವೇ ಹಳೇಬೀಡಿನ ದೇವಸ್ಥಾನದೆದುರು ಅವನು ಚಪ್ಪಲಿ ಹೊಲಿಯುತ್ತಿದ್ದ ಗೋಣಿತಾಟಿನ ಮೇಲೆ ನಾನು ಕುಳಿತೆ. ಬೇಸರವಿರಲಿಲ್ಲವೆಂದರೆ ಸುಳ್ಳು, ನಾಚಿಕೆಯಿರಲಿಲ್ಲವೆಂದರೆ ನಿಜ. ಅಂದಿನಿಂದ ಇಂದಿನವರೆಗೂ ಬಳಸುವ ಮರದ ಪೆಟ್ಟಿಗೆಯ ಮೂಲೆಯಲ್ಲಿ ಹಿಮ್ಮಡಿಯ ಆಕಾರದ ಎರಡು ಸ್ಪಂಜಿನ ಚೂರುಗಳಿವೆ. ಅವು ಯಾವ ಚಪ್ಪಲಿಗೂ ಅಲ್ಲ. ಅವುಗಳ ಕಥೆಯನ್ನು ನಿಮಗೆ ಹೇಳಬೇಕು.

ಪುಸ್ತಕದಲ್ಲಿ ಬಿಟ್ಟ ಓದನ್ನು ನಾನು ಚಪ್ಪಲಿಗಳ ಅಡಿಯ ಅಟ್ಟೆಗಳಲ್ಲಿ ಮುಂದುವರಿಸಿದೆ ಎಂದರೆ ನೀವು ನಗಬಾರದು. ಒಂದೇ ಹೆಗಲಿಗೆ ಹೊರೆ ಹೊರುವವನ ಚಪ್ಪಲಿ ಒಂದೇ ಕಡೆ ಸವೆಯುತ್ತದೆ; ದಿನವಿಡೀ ನಿಂತು ಪಾಠ ಹೇಳುವ ಮೇಷ್ಟರದು ಮುಂಗಾಲಿನ ಕೆಳಗೆ ತೆಳ್ಳಗಾಗುತ್ತದೆ. ಮನುಷ್ಯ ಬಾಯಲ್ಲಿ ಮುಚ್ಚಿಟ್ಟದ್ದನ್ನು ಅವನ ಕಾಲು ನೆಲಕ್ಕೆ ಹೇಳಿರುತ್ತದೆ, ನೆಲ ಅದನ್ನು ಅಟ್ಟೆಯ ಮೇಲೆ ಬರೆದಿರುತ್ತದೆ. ಈ ಓದಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯೇ ಈ ಕಥೆಯ ಮೂಲ.

ನನ್ನ ತಂಗಿ ರತ್ನ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಬೇಲೂರಿನ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಮಧ್ಯಾಹ್ನ ಬಸ್ಸು ತಪ್ಪಿತೆಂದು ಹದಿನಾರು ಕಿಲೋಮೀಟರನ್ನೂ ನಡೆದೇ ಬಂದಳು. ಸ್ಕೂಟರಿನಲ್ಲಿ ಹೋಗುತ್ತಿದ್ದ ಅವಳ ಆಟದ ಮೇಷ್ಟರು ಆ ನಡಿಗೆಯನ್ನು ನೋಡಿದರು. ಓಟದಂತೆ ನಡಿಗೆಗೂ ಸ್ಪರ್ಧೆಯಿದೆಯೆಂದು ನಮ್ಮ ಮನೆಗೆ ತಿಳಿದದ್ದು ಆಗಲೇ. ಅದರ ಕಟ್ಟಳೆ ಎರಡೇ: ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರಬೇಕು; ಮುಂದಿಟ್ಟ ಕಾಲಿನ ಮಂಡಿ ಮಡಿಯಬಾರದು. ತಪ್ಪಿದರೆ ತೀರ್ಪುಗಾರರು ಕೆಂಪು ಚೀಟಿ ಬರೆಯುತ್ತಾರೆ. ಮೂವರು ಬರೆದರೆ ಹೊರಗೆ.

ಎದುರಿನ ಟೀ ಅಂಗಡಿಯ ಶಿವಣ್ಣನಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. "ಏನ್ಲಾ ರಂಗ, ನಡೆಯಾಕೂ ಬಹುಮಾನ ಕೊಡ್ತಾರಾ? ಹಂಗಾದ್ರೆ ನಮ್ಮೂರ್ ದನ ಎಲ್ಲಾ ಗೆಲ್ತವೆ ಬಿಡು!"

ಪಕ್ಕದಲ್ಲೇ ನಿಂತಿದ್ದ ರತ್ನ ಹೇಳಿದಳು: "ಗೆಲ್ಲಾಕಿಲ್ಲ ಶಿವಣ್ಣ. ದನ ಮಂಡಿ ಮಡಿಸ್ತವೆ, ಔಟ್ ಮಾಡ್ತಾರೆ."

ನಮ್ಮ ದೇವಸ್ಥಾನದ ಗೋಡೆಯ ತೀರಾ ಕೆಳಗಿನ ಸಾಲನ್ನು ನೀವು ನೋಡಿರಬಹುದು. ಅಲ್ಲಿ ಆನೆಗಳು ನಡೆಯುತ್ತವೆ. ಅದಕ್ಕೂ ಮೇಲಿನ ಸಾಲೊಂದರಲ್ಲಿ ಕುದುರೆಗಳು ನೆಗೆಯುತ್ತವೆ. ಪ್ರವಾಸಿಗರ ಕಣ್ಣು ಕುದುರೆಗೆ ಹಾರುತ್ತದೆ, ಆದರೆ ಗುಡಿಯ ಭಾರವನ್ನು ಹೊತ್ತಿರುವುದು ನೆಲ ಬಿಡದ ಆನೆಯ ಸಾಲು. ತಂಗಿಯದು ಆನೆಯ ಸಾಲಿನ ವಿದ್ಯೆ ಎಂದುಕೊಳ್ಳುತ್ತಿದ್ದೆ. ಓಡಬಲ್ಲ ಕಾಲನ್ನು ಓಡದಂತೆ ಹಿಡಿದುಕೊಂಡೇ ಎಲ್ಲರಿಗಿಂತ ಮುಂದೆ ಹೋಗುವುದು ಸಣ್ಣ ತಪಸ್ಸಲ್ಲ.

ವರ್ಷಗಳು ಕಳೆದವು. ಕ್ರೀಡಾ ಕೋಟಾದಲ್ಲಿ ಅವಳಿಗೆ ಕೆಲಸ ಸಿಕ್ಕಿತು; ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊರದೇಶದ ಅಂತರರಾಷ್ಟ್ರೀಯ ಕೂಟವೊಂದಕ್ಕೆ, ಹೆಂಗಸರ ಇಪ್ಪತ್ತು ಕಿಲೋಮೀಟರ್ ನಡಿಗೆಗೆ, ಆಯ್ಕೆಯಾದಳು. ಹೊರಡುವ ಮುನ್ನ ಊರಿಗೆ ಬಂದವಳು ಹಳೆಯ ಬೂಟುಗಳನ್ನು ನನ್ನ ಮುಂದಿಟ್ಟಳು. ತಂಡದವರು ಕೊಟ್ಟ ಹೊಸ ಜೊತೆ ಕಾಲು ಕಚ್ಚುತ್ತಿತ್ತು. ಹಳೆಯದರಲ್ಲಿ ಹಿಮ್ಮಡಿಯ ಹೊರ ಅಂಚು ಸವೆದಿದೆ, ಸಮ ಮಾಡಿಕೊಟ್ಟರೆ ಸಾಕು ಎಂದಳು.

ಸಾಕು ಎಂಬ ಮಾತು ನನಗೆ ಸಾಕಾಗಲಿಲ್ಲ. ಸವೆದ ಅಂಚನ್ನು ಸಮ ಮಾಡಿದ್ದಲ್ಲದೆ, ದೇಶದ ಹೆಸರು ಹೊತ್ತು ಹೋಗುವ ಹಿಮ್ಮಡಿ ನೋಯಬಾರದೆಂದು ಪೇಟೆಯಲ್ಲಿ ಸಿಕ್ಕ ಅತ್ಯುತ್ತಮ ಸ್ಪಂಜನ್ನು ತಂದು ಕೊಯ್ದು, ಅಟ್ಟೆಯೊಳಗೆ ಬೆರಳು ದಪ್ಪದ ಮೆತ್ತೆ ಕೂರಿಸಿದೆ. ಅವಳು ಹಾಕಿಕೊಂಡು ಬಸದಿಯವರೆಗೆ ನಡೆದು ಬಂದಳು.

"ಅಣ್ಣಾ, ವಸಿ ಪುಟೀತೈತೆ."

"ಇಪ್ಪತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಾ ಇವ್ನಿ, ನಂಗೇ ಹೇಳ್ಕೊಡ್ತೀಯೇನೇ?"

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡಳು. ಅರಸೀಕೆರೆಯಲ್ಲಿ ರೈಲು ಹೊರಟಾಗ ಆ ಚೀಲ ಅವಳ ಮಡಿಲಲ್ಲಿತ್ತು.

ಸ್ಪರ್ಧೆಯ ದಿನ ಬಸ್ ಸ್ಟ್ಯಾಂಡಿನ ಫೋನ್ ಬೂತಿನಲ್ಲಿ ಕಾದು ಕುಳಿತೆ. ಹದಿಮೂರು ಕಿಲೋಮೀಟರಿನವರೆಗೆ ಮುಂದಿನ ಗುಂಪಿನಲ್ಲಿದ್ದಳಂತೆ. ಹದಿನಾಲ್ಕರಲ್ಲಿ ಮೂರನೆಯ ಕೆಂಪು ಚೀಟಿ. "ಕಾಲು ನೆಲ ಬಿಟ್ವು ಅಣ್ಣ, ಅಷ್ಟೇ" ಎಂದು ಫೋನಿಟ್ಟಳು. ವಿಷಯ ತಿಳಿದ ಶಿವಣ್ಣ ಕೂಡ ಅಂದು ತಮಾಷೆ ಮಾಡಲಿಲ್ಲ. ಟೀ ತಂದು ಪಕ್ಕದಲ್ಲಿಟ್ಟು ಹೋದ.

ಕರೆತರಲು ಅರಸೀಕೆರೆಗೆ ನಾನೇ ಹೋದೆ. ಹಿಂದಿರುಗುವ ಬಸ್ಸು ಜಾವಗಲ್ಲಿನಲ್ಲಿ ನಿಂತಾಗ, ನಿದ್ದೆ ಹೋಗಿದ್ದ ಅವಳ ಚೀಲದಿಂದ ಬೂಟು ತೆಗೆದು ತಿರುಗಿಸಿದೆ. ವರ್ಷಗಟ್ಟಲೆ ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆಯುತ್ತಿದ್ದ ಅಟ್ಟೆ ಈ ಸಲ ಅಲ್ಲಿ ಮುಟ್ಟಿಸಿಕೊಂಡೇ ಇರಲಿಲ್ಲ. ಮುಂಗಾಲು ಮಾತ್ರ ಉಜ್ಜಿಹೋಗಿತ್ತು. ಓದು ಬಿಟ್ಟವನಿಗೂ ಓದಲು ಬರುವಷ್ಟು ಸ್ಪಷ್ಟವಾದ ಬರಹ. ಮೆತ್ತೆ ಪುಟಿದು ಪಾದವನ್ನು ಮೇಲಕ್ಕೆ ಒದ್ದಿತ್ತು. ಆನೆಯ ಕಾಲಿಗೆ ನಾನು ಕುದುರೆಯ ಲಾಳ ಹೊಡೆದಿದ್ದೆ.

ಕಣ್ಣು ಬಿಟ್ಟಾಗ ಅವಳಿಗೆ ಕಂಡದ್ದು ನನ್ನ ಕೈಯಲ್ಲಿದ್ದ ಬೂಟು.

"ತಪ್ಪು ನಂದು ಕಣೇ."

"ಗೊತ್ತಿತ್ತು. ಹಾಕ್ಕೊಂಡೋಳು ನಾನಲ್ವಾ? ಬ್ಯಾಡ ಅಂದಿದ್ರೆ ನೀನು ಮೂರು ದಿನ ಊಟ ಬಿಡ್ತಿದ್ದೆ."

ನಗಿಸಲೆಂದು ಹೇಳಿದ ಮಾತು. ನನಗೆ ನಗು ಬರಲಿಲ್ಲ. ಶ್ರಮದಿಂದ ಬಂದ ಹೆಮ್ಮೆ ತಪ್ಪಲ್ಲವೆಂದು ಈಗಲೂ ನಂಬುತ್ತೇನೆ; ಆದರೆ ಅಟ್ಟೆಯನ್ನು ಓದಬಲ್ಲ ನಾನು, ಆ ಅಟ್ಟೆಯ ಮೇಲೆ ನಿಂತವಳು ಬಾಯಿಬಿಟ್ಟು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ಅವಳು ಎಷ್ಟೋ ವರ್ಷದ ನಡಿಗೆಯನ್ನು ಪಣಕ್ಕಿಟ್ಟಳು. ಪ್ರೀತಿಗೂ ಅಂಥ ಕಟ್ಟಳೆಯೊಂದು ಇರಬೇಕೇನೋ: ಎಷ್ಟೇ ಅವಸರವಾದರೂ ಒಂದು ಪಾದ ನೆಲದ ಮೇಲಿರಬೇಕು.

ಮನೆಗೆ ಬಂದವನೇ ರಂಪಿಗೆ ಹಿಡಿದು ಅಟ್ಟೆ ಕೊಯ್ದು ಮೆತ್ತೆಗಳನ್ನು ಹೊರತೆಗೆದೆ. ಹಿಮ್ಮಡಿಯನ್ನು ಸಮ ಮಾಡಿದೆ, ಅಷ್ಟೇ. ಮರುವರ್ಷ ಅದೇ ಬೂಟಿನಲ್ಲಿ ಮತ್ತೊಂದು ಕೂಟಕ್ಕೆ ಹೋದಳು. ಪದಕ ಬರಲಿಲ್ಲ, ಒಂದೂ ಕೆಂಪು ಚೀಟಿಯಿಲ್ಲದೆ ಇಪ್ಪತ್ತು ಕಿಲೋಮೀಟರನ್ನೂ ಮುಗಿಸಿ ಹನ್ನೊಂದನೆಯವಳಾದಳು. ಈಗ ಗಿರಾಕಿ "ಯಾಕೋ ಸರಿಯಿಲ್ಲ" ಎಂದರೆ ದಬ್ಬಳ ಕೆಳಗಿಟ್ಟು, ಎಲ್ಲಿ ಎಂದು ಕೇಳುತ್ತೇನೆ.

ಇಂದು ನನ್ನಲ್ಲಿರುವುದು ಇಷ್ಟು: ಮರದ ಪೆಟ್ಟಿಗೆ ಒಂದು, ದಬ್ಬಳ ಮೂರು, ರಂಪಿಗೆ ಎರಡು, ಸುತ್ತಿಗೆ ಒಂದು, ತಂಗಿ ಒಬ್ಬಳು, ಸ್ಪಂಜಿನ ಚೂರು ಎರಡು.